ಬತ್ತಿದ ಕಣ್ಣಿನೊಳಗಿನ ಬೆಂಕಿ

೧೯೩೦ರ ಸುಮಾರಿನ ಮಾತು. ಸ್ವೀಡನ್ ದೇಶದ ರಾಜಧಾನಿಯಾದ ಸ್ಟಾಕ್‌ಹೋಮ್ ನಗರದಲ್ಲಿ ತರುಣ ನೇತ್ರವೈದ್ಯನೊಬ್ಬನು ಒಬ್ಬ ಮಹಿಳೆಯ ಕಣ್ಣುಗಳನ್ನು ಪರೀಕ್ಷಿಸುತ್ತಿದ್ದನು. ಆಕೆಯ ಕಣ್ಣುಗಳಲ್ಲಿ ನೀರಿನ ಪಸೆ ಇರಲಿಲ್ಲ. ಬಾಯಿಯೂ ಒಣಗಿದ್ದಿತು. ಮೇಲಾಗಿ ಸಂಧಿವಾತದಿಂದ ಕೀಲುಗಳು ನೋಯುತ್ತಿದ್ದುವು. ಕಣ್ಣಿಗೂ ಬಾಯಿಗೂ ಕೀಲಿಗೂ ಏನು ಸಂಬಂಧ? ಮೂರು ಬೇರೆ ಬೇರೆ ಕಾಯಿಲೆಗಳು ದುರದೃಷ್ಟದಿಂದ ಒಬ್ಬಳಲ್ಲಿಯೇ ಬಂದು ಸೇರಿವೆಯೆಂದು ಹೇಳಿ ಕೈ ತೊಳೆದುಕೊಳ್ಳುವುದು ಸುಲಭವಾಗಿದ್ದಿತು. ಹೆನ್ರಿಕ್ ಶೋಗ್ರೆನ್ ಎಂಬ ಆ ವೈದ್ಯನು ಹಾಗೆ ಮಾಡಲಿಲ್ಲ. ಅಂತಹ ಇತರ ರೋಗಿಗಳನ್ನು ಅವನು ಹುಡುಕತೊಡಗಿದನು.

೧೯೩೩ರಲ್ಲಿ ಅವನು ಜರ್ಮನ್ ಭಾಷೆಯಲ್ಲಿ ಒಂದು ಪ್ರೌಢಪ್ರಬಂಧವನ್ನು ಸಲ್ಲಿಸಿದನು. ಅದರಲ್ಲಿ ೧೯ ಮಂದಿ ಮಹಿಳೆಯರ ವೃತ್ತಾಂತವಿದ್ದಿತು. ಎಲ್ಲರ ಕಣ್ಣುಗಳೂ ಬತ್ತಿದ್ದುವು. ಅವರಲ್ಲಿ ೧೩ ಮಂದಿಗೆ ಸಂಧಿವಾತವೂ ಇದ್ದಿತು. ಅಶ್ರುಗ್ರಂಥಿಗಳ ತುಣುಕುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದಾಗ ಅಲ್ಲಿ ಇರಬಾರದಷ್ಟು ಸಂಖ್ಯೆಯಲ್ಲಿ ದುಂಡನೆಯ ಬಿಳಿಯ ರಕ್ತಕೋಶಗಳು ಗುಂಪುಕಟ್ಟಿ ನಿಂತಿದ್ದುವು. ಕಣ್ಣೀರಿನ ಬಾವಿ ತಾನಾಗಿ ಬತ್ತಿರಲಿಲ್ಲ. ಬಾವಿಯೊಳಗೆ ಯಾರೋ ಇಳಿದಿದ್ದರು.

ಪರೀಕ್ಷಕರಿಗೆ ಆ ಪ್ರಬಂಧ ರುಚಿಸಲಿಲ್ಲ. ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾಗಲು ಬೇಕಾದ ದರ್ಜೆ ಅವನಿಗೆ ದೊರೆಯಲಿಲ್ಲ. ಶೋಗ್ರೆನ್ ರಾಜಧಾನಿಯನ್ನು ಬಿಟ್ಟು, ಯೋನ್‌ಶೋಪಿಂಗ್ ಎಂಬ ಊರಿನ ಆಸ್ಪತ್ರೆಯಲ್ಲಿ ಕಣ್ಣಿನ ವೈದ್ಯನಾಗಿ ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡಿದ್ದನು. ಆದರೆ ಅವನು ಕಂಡ ಆ ಬಿಳಿಯ ಕೋಶಗಳ ಗುಂಪು ಒಂದು ಪ್ರಶ್ನೆಯನ್ನು ಜಗತ್ತಿನ ಮುಂದೆ ಇಟ್ಟಿದ್ದಿತು. ಕಣ್ಣು ಒಣಗಿದ್ದರಿಂದ ಆ ಕೋಶಗಳು ಬಂದುವೆ, ಆ ಕೋಶಗಳು ಬಂದುದರಿಂದ ಕಣ್ಣು ಒಣಗಿತೆ? ಇದಕ್ಕೆ ನೆಚ್ಚಬಹುದಾದ ಉತ್ತರ ದೊರೆಯಲು ಎಪ್ಪತ್ತಕ್ಕೂ ಹೆಚ್ಚು ವರ್ಷಗಳು ಬೇಕಾದುವು.

ಶೋಗ್ರೆನ್‌ನ ಹೆಸರನ್ನೇ ಹೊತ್ತ ರೋಗ ಎಲ್ಲರಿಗೂ ಬರುವಂಥದಲ್ಲ. ಆದರೆ ಶುಷ್ಕನೇತ್ರ, ಎಂದರೆ ಕಣ್ಣು ಒಣಗುವ ಸಾಮಾನ್ಯ ರೋಗ, ಇಂದು ಮನೆಮನೆಯ ಪರಿಚಿತ ಅತಿಥಿ. ವಯಸ್ಸಾದವರು, ಅದರಲ್ಲಿಯೂ ಮುಟ್ಟು ನಿಂತ ಮಹಿಳೆಯರು, ದಿನವಿಡೀ ಕಂಪ್ಯೂಟರಿನ ಮುಂದೆ ಕುಳಿತವರು, ಹವಾನಿಯಂತ್ರಿತ ಕೊಠಡಿಗಳಲ್ಲಿ ದುಡಿಯುವವರು, ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರು, ನೆಗಡಿ ಮತ್ತು ಅಲರ್ಜಿಯ ಕೆಲವು ಮಾತ್ರೆಗಳನ್ನು ಬಹುಕಾಲ ನುಂಗುವವರು, ಇವರೆಲ್ಲ ಅದಕ್ಕೆ ಸುಲಭವಾಗಿ ತುತ್ತಾಗುತ್ತಾರೆ. ಕಣ್ಣಿನಲ್ಲಿ ಮರಳು ಬಿದ್ದಂತೆ ಕಿರುಕುಳ, ಉರಿ, ಕೆಂಪು, ಸಂಜೆಯಾಗುತ್ತಲೂ ಅಕ್ಷರಗಳು ಮಸುಕಾಗುವುದು, ಇವು ಅದರ ಲಕ್ಷಣಗಳು. ಹೊರಗಿನಿಂದ ನೋಡುವವರಿಗೆ ಕಣ್ಣು ಚೆನ್ನಾಗಿಯೇ ಇರುವಂತೆ ತೋರುವುದರಿಂದ, ಮನೆಯವರು ಇದನ್ನು ಸೋಮಾರಿತನವೆಂದೋ ಚಿಂತೆಯೆಂದೋ ತಳ್ಳಿಹಾಕುವುದೂ ಉಂಟು. ನೋಯುವವರಿಗೆ ನೋವಿಗಿಂತ ಈ ಅಪನಂಬಿಕೆಯೇ ಹೆಚ್ಚು ಭಾರವಾಗುತ್ತದೆ.

ಮೂರು ಪದರಗಳ ನೀರ್ಪೊರೆ

ಕಣ್ಣೀರೆಂದರೆ ಎಲ್ಲರಿಗೂ ನೆನಪಾಗುವುದು ದುಃಖ. ಆದರೆ ಅಳುವಾಗ ಉಕ್ಕಿ ಹರಿಯುವುದು ಪ್ರವಾಹದ ನೀರು. ದಿನದ ಬಾಳಿಗೆ ಬೇಕಾದ ಕಣ್ಣೀರು ಬೇರೆ. ಅದು ಎಚ್ಚರವಿರುವಷ್ಟು ಹೊತ್ತೂ ಕಣ್ಣಿನ ಮೇಲೆ ಒಂದು ತೆಳುವಾದ ಪೊರೆಯಾಗಿ ಹರಡಿಕೊಂಡಿರುತ್ತದೆ. ಅದರ ದಪ್ಪ ಒಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಸುಮಾರು ಮೂರು ಭಾಗ ಮಾತ್ರ.

ಇಷ್ಟು ತೆಳುವಾದ ಪೊರೆಯಲ್ಲಿಯೂ ಮೂರು ಬಗೆಯ ವಸ್ತುಗಳಿವೆ. ಕಣ್ಣಿಗೆ ಅಂಟಿಕೊಂಡಂತೆ ಇರುವುದು ಲೋಳೆ. ಇದನ್ನು ಬಿಳಿಗುಡ್ಡೆಯ ಮೇಲ್ಪೊರೆಯಲ್ಲಿರುವ ಬಟ್ಟಲಿನಾಕಾರದ ಗಾಬ್ಲೆಟ್ ಕೋಶಗಳು ಒದಗಿಸುತ್ತವೆ. ಅದರ ಮೇಲೆ ನೀರು. ಇದು ಹುಬ್ಬಿನ ಕೆಳಗೆ, ಕಣ್ಣಿನ ಹೊರ ಮೂಲೆಯತ್ತ ಅಡಗಿರುವ ಅಶ್ರುಗ್ರಂಥಿಯಿಂದ ಬರುತ್ತದೆ. ಎಲ್ಲಕ್ಕೂ ಮೇಲೆ ಎಣ್ಣೆಯ ಲೇಪ. ರೆಪ್ಪೆಯ ಅಂಚಿನಲ್ಲಿ ಸಾಲಾಗಿ ನಿಂತ ಸಣ್ಣ ಗ್ರಂಥಿಗಳು ಇದನ್ನು ಹೊರಸೂಸುತ್ತವೆ. ೧೬೬೬ರಲ್ಲಿ ಇವನ್ನು ವರ್ಣಿಸಿದ ಜರ್ಮನಿಯ ಹೆನ್ರಿಕ್ ಮೈಬೋಮ್ ಎಂಬಾತನ ಹೆಸರಿನಿಂದಲೇ ಇವು ಪ್ರಸಿದ್ಧವಾಗಿವೆ. ಲೋಳೆ ನೀರನ್ನು ಹಿಡಿದುಕೊಳ್ಳುತ್ತದೆ; ಎಣ್ಣೆ ನೀರು ಆವಿಯಾಗದಂತೆ ತಡೆಯುತ್ತದೆ; ರೆಪ್ಪೆ ಮಿಟುಕಿದಾಗಲೆಲ್ಲ ಮೂರೂ ಹೊಸದಾಗಿ ಹರಡಿಕೊಳ್ಳುತ್ತವೆ.

ಈ ನೀರು ಕೇವಲ ತೇವವಲ್ಲ, ಕಾವಲೂ ಹೌದು. ಪೆನಿಸಿಲಿನ್ನನ್ನು ಕಂಡುಹಿಡಿದು ಜಗತ್ಪ್ರಸಿದ್ಧನಾದ ಅಲೆಕ್ಸಾಂಡರ್ ಫ್ಲೆಮಿಂಗ್, ಅದಕ್ಕೂ ಮುನ್ನ ೧೯೨೨ರಲ್ಲಿ ಲೈಸೋಜೈಮ್ ಎಂಬ ವಸ್ತುವನ್ನು ಪ್ರಕಟಪಡಿಸಿದ್ದನು. ಅದು ಕೆಲವು ಬಗೆಯ ರೋಗಾಣುಗಳನ್ನು ಕರಗಿಸಿಬಿಡುವ ಶಕ್ತಿಯುಳ್ಳದ್ದು. ಅದು ಸಮೃದ್ಧವಾಗಿರುವುದು ಕಣ್ಣೀರಿನಲ್ಲಿ. ಪ್ರಯೋಗಕ್ಕೆ ಕಣ್ಣೀರು ಸಾಲದೆ ಬಂದಾಗ ಫ್ಲೆಮಿಂಗ್ ನಿಂಬೆಯ ರಸದಿಂದ ತನ್ನವರ ಕಣ್ಣುಗಳಲ್ಲಿ ನೀರು ಬರಿಸಿ ಕೂಡಿಹಾಕುತ್ತಿದ್ದನಂತೆ.

ನೀರ್ಪೊರೆಯ ಕೆಳಗೆ ಇರುವುದು ಕಾರ್ನಿಯಾ, ಕಣ್ಣಿನ ಗಾಜು. ಗಾಜು ಸ್ವಚ್ಛವಾಗಿರಬೇಕಾದರೆ ಅದರಲ್ಲಿ ರಕ್ತನಾಳಗಳಿರಬಾರದು, ಇಲ್ಲವೂ ಇಲ್ಲ. ಅದು ಗಾಳಿಯ ಆಮ್ಲಜನಕವನ್ನು ಕಣ್ಣೀರಿನ ಮೂಲಕ ಹೀರಿಕೊಂಡು ಬದುಕುತ್ತದೆ. ಆದರೆ ಶರೀರದ ಇತರ ಯಾವ ಭಾಗಕ್ಕೂ ಮಣಿಯದಷ್ಟು ದಟ್ಟವಾಗಿ ನರಗಳ ಬಲೆ ಅಲ್ಲಿ ಹರಡಿಕೊಂಡಿದೆ. ಆದುದರಿಂದಲೇ ಒಂದು ಧೂಳಿನ ಕಣವೂ ಅಲ್ಲಿ ಬಂಡೆಯಂತೆ ಭಾಸವಾಗುತ್ತದೆ. ಇಂತಹ ಸೂಕ್ಷ್ಮ ಸ್ಥಳದಲ್ಲಿ ಕಾಳಗ ನಡೆದರೆ ಗತಿಯೇನು? ಆದುದರಿಂದ ಆರೋಗ್ಯವಾದ ಕಣ್ಣಿನಲ್ಲಿ ರಕ್ಷಕ ಕೋಶಗಳು ಅತ್ಯಂತ ಸಂಯಮದಿಂದ ನಡೆದುಕೊಳ್ಳುತ್ತವೆ. ಶುಷ್ಕನೇತ್ರವೆಂದರೆ ಮುಖ್ಯವಾಗಿ ಈ ಸಂಯಮ ಮುರಿದುಬೀಳುವ ಕಥೆ.

ಉಪ್ಪಿನಿಂದ ಹೊತ್ತಿದ ಕಿಡಿ

ಅಶ್ರುಗ್ರಂಥಿ ಬಡವಾದರೆ ನೀರು ಕಡಮೆಯಾಗುತ್ತದೆ. ರೆಪ್ಪೆಯ ಎಣ್ಣೆಗ್ರಂಥಿಗಳು ಕಟ್ಟಿಕೊಂಡರೆ ಇರುವ ನೀರೂ ಬೇಗನೆ ಆವಿಯಾಗುತ್ತದೆ. ಹೆಚ್ಚು ಕಾಣುವುದು ಈ ಎರಡನೆಯ ಬಗೆ. ಪರದೆಯನ್ನು ಎವೆಯಿಕ್ಕದೆ ನೋಡುವವರಲ್ಲಿ ರೆಪ್ಪೆ ಮಿಟುಕುವುದೇ ಕಡಮೆಯಾಗಿ ಪೊರೆ ನಡುವೆಯೇ ಹರಿದುಹೋಗುತ್ತದೆ. ಕಾರಣ ಯಾವುದಾದರೂ ಫಲ ಒಂದೇ. ಬೇಸಗೆಯಲ್ಲಿ ಕೆರೆ ಬತ್ತುತ್ತ ಬಂದಂತೆ ಉಳಿದ ನೀರು ಚೌಳಾಗುವುದಲ್ಲವೆ? ಹಾಗೆಯೇ ಕಣ್ಣೀರಿನ ಉಪ್ಪು ಗಟ್ಟಿಯಾಗುತ್ತದೆ.

ಈ ಉಪ್ಪೇ ಮೊದಲ ಕಿಡಿ. ಕಣ್ಣಿನ ಮೇಲ್ಮೈಯ ಕೋಶಗಳು ಅದನ್ನು ಸಹಿಸಲಾರವು. ರೋಗಾಣುವೇ ಮುತ್ತಿಗೆ ಹಾಕಿತೋ ಎಂಬಂತೆ ಅವು ಬೆದರಿ, ಇಂಟರ್‌ಲ್ಯೂಕಿನ್-೧ ಮೊದಲಾದ ರಾಸಾಯನಿಕ ಸಂದೇಶಗಳನ್ನು ಹೊರಗೆ ಬಿಡುತ್ತವೆ. ಸೈಟೋಕೈನುಗಳೆಂದು ಇವುಗಳ ಒಟ್ಟು ಹೆಸರು. ಶರೀರದ ಭಾಷೆಯಲ್ಲಿ ಇದು ಊರ ಗಂಟೆ ಬಾರಿಸಿದಂತೆ.

ಗಂಟೆ ಕೇಳಿದೊಡನೆ ಮೊದಲು ಓಡಿಬರುವುವು ಯಾವ ತರಬೇತಿಯನ್ನೂ ಕಾಯದ ಹುಟ್ಟು ಕಾವಲುಗಾರರು. ನ್ಯೂಟ್ರೋಫಿಲ್ ಎಂಬ ಬಿಳಿಯ ಕೋಶಗಳು, ಕಸ ಕಡ್ಡಿಯನ್ನೆಲ್ಲ ನುಂಗುವ ಮ್ಯಾಕ್ರೋಫೇಜ್ ಕೋಶಗಳು, ಸಹಜ ಮಾರಕ ಕೋಶಗಳು, ಇವೆಲ್ಲ ಈ ದಳಕ್ಕೆ ಸೇರಿದುವು. ನಿಜವಾಗಿ ರೋಗಾಣು ಬಂದಿದ್ದರೆ ಇವುಗಳ ಕೆಲಸ ಉಪಕಾರವೇ. ಆದರೆ ಇಲ್ಲಿ ಶತ್ರುವೇ ಇಲ್ಲ. ಇರುವುದು ಬರಿಯ ಬರ. ಶತ್ರುವಿಲ್ಲದ ರಣರಂಗದಲ್ಲಿ ಬೀಸಿದ ಕತ್ತಿ ತನ್ನವರ ಮೇಲೆಯೇ ಬೀಳುತ್ತದೆ. ಹೀಗೆ ಕೆರಳಿದ ಮೇಲ್ಮೈಯಲ್ಲಿ ಹುಟ್ಟುವ ಒಂದು ಕಿಣ್ವ, ಕಾರ್ನಿಯಾದ ಮೇಲಿನ ಕೋಶಗಳನ್ನು ಒಂದಕ್ಕೊಂದು ಬಿಗಿದಿರುವ ಬೆಸುಗೆಯನ್ನೇ ಕತ್ತರಿಸುತ್ತದೆ. ಗೋಡೆಯ ಗಾರೆ ಉದುರಿದಂತೆ ಕಣ್ಣಿನ ಮೈ ಒಡೆಯುತ್ತದೆ. ಶೋಗ್ರೆನ್ ತನ್ನ ರೋಗಿಗಳ ಕಣ್ಣಿಗೆ ಗುಲಾಬಿ ಬಣ್ಣದ ಒಂದು ದ್ರಾವಣ ಹಾಕಿ ನೋಡುತ್ತಿದ್ದನು. ಆರೋಗ್ಯವಾದ ಕಣ್ಣು ಆ ಬಣ್ಣವನ್ನು ಹಿಡಿಯದು; ಮೈ ಕೆಟ್ಟ ಕಣ್ಣಿನಲ್ಲಿ ಅದು ಚುಕ್ಕಿಚುಕ್ಕಿಯಾಗಿ ಉಳಿಯುತ್ತದೆ.

ಕೊರಳಿಗೆ ಹೋಗುವ ದೂತರು

ಕಥೆ ಇಲ್ಲಿಗೆ ನಿಂತಿದ್ದರೆ ನಾಲ್ಕು ದಿನದ ವಿಶ್ರಾಂತಿ, ನಾಲ್ಕು ಹನಿ ತಂಪುನೀರು ಸಾಕಾಗುತ್ತಿದ್ದುವು. ಆದರೆ ಕಣ್ಣಿನಲ್ಲಿ ಮತ್ತೊಂದು ಬಗೆಯ ಕೋಶಗಳಿವೆ. ಮರದ ಕೊಂಬೆಗಳಂತೆ ಕೈಚಾಚಿಕೊಂಡಿರುವ ಇವುಗಳಿಗೆ ಡೆಂಡ್ರೈಟಿಕ್ ಕೋಶಗಳೆಂದು ಹೆಸರು. ಇವು ಹೋರಾಡುವುದಕ್ಕಿಂತ ಹೆಚ್ಚಾಗಿ ಸುದ್ದಿ ಒಯ್ಯುವ ದೂತರು. ಶಾಂತಿಯ ಕಾಲದಲ್ಲಿ ಅರೆನಿದ್ರೆಯಲ್ಲಿರುತ್ತವೆ. ಗಂಟೆಯ ಸದ್ದಿಗೆ ಎಚ್ಚೆತ್ತು, ಹಾಳಾದ ಮೇಲ್ಮೈಯಿಂದ ಪ್ರೋಟೀನಿನ ಚೂರುಗಳನ್ನು ಹೆಕ್ಕಿಕೊಂಡು, ದುಗ್ಧನಾಳಗಳ ಮಾರ್ಗವಾಗಿ ಕೊರಳಿನ ದುಗ್ಧಗ್ರಂಥಿಗಳಿಗೆ ಪಯಣ ಬೆಳೆಸುತ್ತವೆ.

ಆರೋಗ್ಯವಾದ ಕಾರ್ನಿಯಾದಲ್ಲಿ ರಕ್ತನಾಳಗಳಂತೆ ದುಗ್ಧನಾಳಗಳೂ ಇರುವುದಿಲ್ಲ. ಆದರೆ ಕಣ್ಣು ಒಣಗಿದ ಇಲಿಗಳಲ್ಲಿ ರಕ್ತನಾಳಗಳು ಬೆಳೆಯದೆಯೇ ದುಗ್ಧನಾಳಗಳು ಮಾತ್ರ ಕಾರ್ನಿಯಾದೊಳಗೆ ತೆವಳಿಬರುವುದನ್ನು ಅಮೆರಿಕದ ಬಾಸ್ಟನ್ ನಗರದ ಸಂಶೋಧಕರು ೨೦೧೦ರಲ್ಲಿ ತೋರಿಸಿಕೊಟ್ಟರು. ಕಣ್ಣು ಹೊರಗೆ ಕೆಂಪಾಗದಿದ್ದರೂ ಒಳಗೆ ದೂತರಿಗೆ ಹೊಸ ದಾರಿ ಸಿದ್ಧವಾಗಿರಬಹುದೆಂದು ಇದರಿಂದ ತಿಳಿದುಬಂದಿತು.

ಕೊರಳಿನ ಗ್ರಂಥಿಗಳಲ್ಲಿ ಟಿ-ಕೋಶಗಳೆಂಬ ಯೋಧರಿದ್ದಾರೆ. ಇವರು ಮೊದಲು ಬಂದ ಕಾವಲುಗಾರರಂತಲ್ಲ. ಒಬ್ಬೊಬ್ಬನೂ ಒಂದೊಂದು ಗುರುತನ್ನು ಮಾತ್ರ ಬಲ್ಲವನು. ಆ ಗುರುತು ಸಿಕ್ಕೊಡನೆ ಒಬ್ಬನು ಸಾವಿರವಾಗಿ ಬೆಳೆಯಬಲ್ಲನು. ದೂತರು ತಂದ ಚೂರನ್ನು ಕಂಡು ಇವರು ಸಿದ್ಧರಾಗುತ್ತಾರೆ. ರಕ್ತಪ್ರವಾಹವನ್ನು ಹಿಡಿದು ಕಣ್ಣಿಗೆ ಬರುತ್ತಾರೆ. ಬಂದವರಲ್ಲಿ ಎರಡು ಪಂಗಡಗಳು ಮುಖ್ಯ. ಒಂದು ಪಂಗಡ ಇಂಟರ್‌ಫೆರಾನ್-ಗಾಮಾ ಎಂಬುದನ್ನು ಸುರಿಯುತ್ತದೆ. ಅದರಿಂದ ಲೋಳೆಯನ್ನು ಕೊಡುವ ಗಾಬ್ಲೆಟ್ ಕೋಶಗಳು ಸಾಯುತ್ತವೆ. ಇನ್ನೊಂದು ಪಂಗಡ ಇಂಟರ್‌ಲ್ಯೂಕಿನ್-೧೭ ಎಂಬುದನ್ನು ಸುರಿಯುತ್ತದೆ. ಅದರಿಂದ ಕಾರ್ನಿಯಾದ ಗೋಡೆ ಮತ್ತಷ್ಟು ಬಿರುಕು ಬಿಡುತ್ತದೆ. ಲೋಳೆ ಹೋದರೆ ನೀರು ನಿಲ್ಲದು. ನೀರು ನಿಲ್ಲದಿದ್ದರೆ ಉಪ್ಪು ಏರುವುದು. ಉಪ್ಪು ಏರಿದರೆ ಮತ್ತೆ ಗಂಟೆ ಬಾರಿಸುವುದು. ಬರದಿಂದ ಬೆಂಕಿ, ಬೆಂಕಿಯಿಂದ ಮತ್ತಷ್ಟು ಬರ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಶರೀರದಲ್ಲಿ ದೊರೆಯಲಾರದು.

ಇಲಿಗಳು ಕೊಟ್ಟ ಸಾಕ್ಷ್ಯ

ಆದರೆ ಇದಕ್ಕೆಲ್ಲ ಪ್ರಮಾಣವೇನು? ಒಣಗಿದ ಕಣ್ಣಿನಲ್ಲಿ ಟಿ-ಕೋಶಗಳು ಇರುವುವೆಂದ ಮಾತ್ರಕ್ಕೆ ಅವೇ ಅಪರಾಧಿಗಳೆಂದು ಹೇಳಲಾಗದು. ಬೆಂಕಿ ಬಿದ್ದ ಮನೆಯ ಮುಂದೆ ನಿಂತವರೆಲ್ಲರೂ ಬೆಂಕಿ ಇಟ್ಟವರಲ್ಲ. ಶೋಗ್ರೆನ್‌ನ ಪ್ರಶ್ನೆ ಇಷ್ಟು ಕಾಲ ಉಳಿದುಕೊಂಡದ್ದು ಈ ಸಂದೇಹದಿಂದಲೇ.

೨೦೦೬ರಲ್ಲಿ ಅಮೆರಿಕದ ಟೆಕ್ಸಾಸ್ ಪ್ರಾಂತದಲ್ಲಿ ಜೆರಿ ನೀಡರ್‌ಕಾರ್ನ್, ಸ್ಟೀಫನ್ ಫ್ಲುಗ್‌ಫೆಲ್ಡರ್ ಮೊದಲಾದ ಸಂಶೋಧಕರು ಒಂದು ಜಾಣತನದ ಪ್ರಯೋಗವನ್ನು ಪ್ರಕಟಿಸಿದರು. ಅವರು ಕೆಲವು ಇಲಿಗಳನ್ನು ಒಣಹವೆಯಲ್ಲಿ ಇರಿಸಿ, ಬೀಸುವ ಗಾಳಿಗೆ ಒಡ್ಡಿ, ಕಣ್ಣೀರನ್ನು ಕುಗ್ಗಿಸುವ ಔಷಧವನ್ನು ಕೊಟ್ಟರು. ನಿರೀಕ್ಷಿಸಿದಂತೆ ಇಲಿಗಳ ಕಣ್ಣುಗಳು ಒಣಗಿ ಉರಿಯೂತಕ್ಕೆ ಗುರಿಯಾದುವು. ಅನಂತರ ಆ ಇಲಿಗಳ ಟಿ-ಕೋಶಗಳಲ್ಲಿ ಒಂದು ವರ್ಗವನ್ನು ಬೇರ್ಪಡಿಸಿ ತೆಗೆದು, ಬೇರೆ ಇಲಿಗಳಿಗೆ ಚುಚ್ಚಿದರು. ಈ ಎರಡನೆಯ ಇಲಿಗಳು ಹುಟ್ಟಿನಿಂದಲೇ ತಮ್ಮದೆಂಬ ಟಿ-ಕೋಶಗಳಿಲ್ಲದವು. ಅವು ಒಣಗಾಳಿಯನ್ನು ಕಂಡಿರಲೇ ಇಲ್ಲ. ಅವುಗಳ ಕಣ್ಣುಗಳು ಅದುವರೆಗೆ ತಂಪಾಗಿಯೇ ಇದ್ದುವು. ಆದರೂ ಚುಚ್ಚಿದ ಕೋಶಗಳು ಹುಡುಕಿಕೊಂಡು ಹೋದುದು ಕಣ್ಣಿಗೂ ಅಶ್ರುಗ್ರಂಥಿಗೂ! ಅಲ್ಲಿ ಅದೇ ಉರಿಯೂತ ಹೊತ್ತಿಕೊಂಡಿತು, ಕಣ್ಣೀರು ಕಡಮೆಯಾಯಿತು, ಗಾಬ್ಲೆಟ್ ಕೋಶಗಳು ನಶಿಸಿದುವು.

ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿರಲಿಲ್ಲ. ಬರವೇ ಇಲ್ಲದ ಕಣ್ಣಿನಲ್ಲಿ, ಬರವನ್ನು ಕಂಡು ಕಲಿತ ಕೋಶಗಳು ಬರವನ್ನು ತಂದಿದ್ದುವು. ಕಣ್ಣು ಒಣಗಿದ್ದರಿಂದ ಕೋಶಗಳು ಬಂದುವೆ, ಕೋಶಗಳು ಬಂದುದರಿಂದ ಕಣ್ಣು ಒಣಗಿತೆ ಎಂಬ ಹಳೆಯ ಪ್ರಶ್ನೆಗೆ ಉತ್ತರ, ಎರಡೂ ಹೌದು ಎಂಬುದು.

ಅದೇ ಪ್ರಯೋಗದಲ್ಲಿ ಮತ್ತೊಂದು ಸಂಗತಿಯೂ ಬೆಳಕಿಗೆ ಬಂದಿತು. ಅದೇ ಕೋಶಗಳನ್ನು ಆರೋಗ್ಯವಂತ ಸಾಧಾರಣ ಇಲಿಗಳಿಗೆ ಚುಚ್ಚಿದಾಗ ಅಂತಹ ಅನಾಹುತ ನಡೆಯಲಿಲ್ಲ. ಏಕೆಂದರೆ ಟಿ-ಕೋಶಗಳಲ್ಲಿಯೇ ನಿಯಂತ್ರಕರೆಂಬ ಇನ್ನೊಂದು ಪಂಗಡವಿದೆ. ಜಗಳ ಬಿಡಿಸಿ ಯೋಧರನ್ನು ಮನೆಗೆ ಕಳುಹಿಸುವುದು ಇವುಗಳ ಕೆಲಸ. ಈ ಹಿರಿಯರು ಮನೆಯಲ್ಲಿ ಇರುವಷ್ಟು ಕಾಲ ಕಿಡಿ ಬಿದ್ದರೂ ಆರಿಹೋಗುತ್ತದೆ. ೨೦೦೯ರಲ್ಲಿ ಬಾಸ್ಟನ್ನಿನ ಶೆಪೆನ್ಸ್ ನೇತ್ರ ಸಂಶೋಧನಾ ಸಂಸ್ಥೆಯ ಸುನಿಲ್ ಚೌಹಾಣ್, ರೆಜಾ ದಾನಾ ಮತ್ತು ಅವರ ಸಂಗಡಿಗರು, ಶುಷ್ಕನೇತ್ರದ ಇಲಿಗಳಲ್ಲಿ ಈ ನಿಯಂತ್ರಕ ಕೋಶಗಳು ತಮ್ಮ ಬಿಗಿಯನ್ನು ಕಳೆದುಕೊಂಡಿರುತ್ತವೆಯೆಂದೂ, ಇಂಟರ್‌ಲ್ಯೂಕಿನ್-೧೭ನ್ನು ತಡೆದರೆ ರೋಗ ಇಳಿಮುಖವಾಗುವುದೆಂದೂ ತೋರಿಸಿದರು.

ಮರೆಯದ ಹಗೆ

ದಡಾರ ಒಮ್ಮೆ ಬಂದವರಿಗೆ ಮತ್ತೆ ಬಾರದಿರುವುದು ಟಿ-ಕೋಶಗಳಂಥವುಗಳ ನೆನಪಿನ ಶಕ್ತಿಯಿಂದ. ಆ ನೆನಪೇ ಇಲ್ಲಿ ಶಾಪವಾಗುತ್ತದೆ. ಕಾಳಗ ಮುಗಿದ ಮೇಲೆ ಹೆಚ್ಚಿನ ಯೋಧರು ಅಳಿದುಹೋದರೂ ಕೆಲವರು ನೆನಪನ್ನು ಹೊತ್ತು ಉಳಿದುಕೊಳ್ಳುತ್ತಾರೆ. ಬೇರೂರಿದ ಶುಷ್ಕನೇತ್ರವನ್ನು ಮುಖ್ಯವಾಗಿ ನಡೆಸುವವರು ಇಂಟರ್‌ಲ್ಯೂಕಿನ್-೧೭ರ ಪಂಗಡಕ್ಕೆ ಸೇರಿದ ಈ ಸ್ಮೃತಿಕೋಶಗಳೇ ಎಂಬುದನ್ನು ೨೦೧೪ರಲ್ಲಿ ಅದೇ ಸಂಸ್ಥೆಯ ಸಂಶೋಧಕರು ಇಲಿಗಳಲ್ಲಿ ಕಂಡುಕೊಂಡರು. ಹಳೆಯ ರೋಗಿಯೊಬ್ಬರಿಗೆ ಸ್ವಲ್ಪ ಬಿಸಿಗಾಳಿ ತಾಕಿದರೂ ಕಣ್ಣು ಕೆರಳುವುದೇಕೆ, ವರ್ಷಗಟ್ಟಲೆ ಏಳುಬೀಳುಗಳಲ್ಲಿ ರೋಗ ಸಾಗುವುದೇಕೆ ಎಂಬುದು ಇದರಿಂದ ಬಹುಮಟ್ಟಿಗೆ ಅರ್ಥವಾಗುತ್ತದೆ. ಅದು ಅವರ ಸಂಕೋಚವೂ ಅಲ್ಲ, ಕಲ್ಪನೆಯೂ ಅಲ್ಲ. ಅವರ ಕಣ್ಣಿನಲ್ಲಿ ನೆನಪುಳ್ಳ ಕೋಶಗಳಿವೆ.

ಉರಿಯೂತ ನರಗಳನ್ನೂ ಬಿಡುವುದಿಲ್ಲ. ಉರಿಯ ನಡುವೆ ಬಾಳಿದ ನರಗಳು ಅತಿಯಾಗಿ ಸಂವೇದಿಸತೊಡಗುತ್ತವೆ, ಕೆಲವರಲ್ಲಿ ಮಂಕಾಗುತ್ತವೆ. ಕಣ್ಣು ಒಣಗುವ ರೋಗಿಗಳಲ್ಲಿ ಕೆಲವರು ಕಣ್ಣಿನಿಂದ ಧಾರಾಕಾರ ನೀರು ಸುರಿಯುತ್ತದೆಯೆಂದು ದೂರುವುದು ವಿಚಿತ್ರವಾಗಿ ತೋರಬಹುದು. ಕೆರಳಿದ ನರಗಳು ಅಶ್ರುಗ್ರಂಥಿಯನ್ನು ಚುಚ್ಚಿ ಎಬ್ಬಿಸಿದಾಗ ಬರುವ ಪ್ರವಾಹ ಅದು. ಆ ನೀರು ಕೆನ್ನೆಗೆ ಹರಿದುಹೋಗುವುದೇ ಹೊರತು ಪೊರೆಯಾಗಿ ನಿಲ್ಲುವುದಿಲ್ಲ.

೧೯೯೫ರಲ್ಲಿ ತಜ್ಞರು ಈ ರೋಗಕ್ಕೆ ಬರೆದುಕೊಂಡ ಲಕ್ಷಣವಾಕ್ಯದಲ್ಲಿ ಉರಿಯೂತದ ಮಾತೇ ಇರಲಿಲ್ಲ. ೨೦೦೭ರಲ್ಲಿ ಅಂತಾರಾಷ್ಟ್ರೀಯ ತಜ್ಞರ ಮಂಡಲಿ ಹೊಸ ವಾಕ್ಯವನ್ನು ರಚಿಸಿದಾಗ ಕಣ್ಣಿನ ಮೇಲ್ಮೈಯ ಉರಿಯೂತಕ್ಕೆ ಅದರಲ್ಲಿ ಸ್ಥಾನ ದೊರೆಯಿತು. ೨೦೧೭ರಲ್ಲಿ ನರಗಳ ಕೆಡುಕೂ ಸೇರಿತು. ಒಂದು ವಾಕ್ಯ ಬದಲಾದರೆ ಏನಾಯಿತು ಎನ್ನುವಂತಿಲ್ಲ. ವಾಕ್ಯ ಬದಲಾದರೆ ಔಷಧ ಬದಲಾಗುತ್ತದೆ.

ಮಣ್ಣಿನ ಬೂಷ್ಟು, ಮನೆಯ ನಾಯಿ

ಆ ಔಷಧದ ಕಥೆಯೂ ಕುತೂಹಲಕರವಾದುದೇ. ಬಾಸೆಲ್ ನಗರದ ಸ್ಯಾಂಡೋಜ್ ಕಂಪನಿಯ ನೌಕರನೊಬ್ಬನು ೧೯೬೯ರಲ್ಲಿ ರಜೆಗೆಂದು ನಾರ್ವೆ ದೇಶಕ್ಕೆ ಹೋಗಿದ್ದಾಗ ಹಾರ್ಡಾಂಗರ್‌ವಿಡ್ಡಾ ಎಂಬ ಪ್ರಸ್ಥಭೂಮಿಯ ಮಣ್ಣನ್ನು ಒಂದಿಷ್ಟು ತಂದನು. ಆ ಮಣ್ಣಿನ ಬೂಷ್ಟಿನಿಂದ ದೊರೆತ ಸೈಕ್ಲೋಸ್ಪೊರಿನ್ ಎಂಬ ವಸ್ತು ಟಿ-ಕೋಶಗಳ ಕೈಕಟ್ಟಿ ಕೂರಿಸಬಲ್ಲದೆಂದು ಕಂಪನಿಯ ಪ್ರಯೋಗಾಲಯದಲ್ಲಿ ತಿಳಿದುಬಂದಿತು. ಬೇರೆಯವರ ಮೂತ್ರಪಿಂಡವನ್ನು ಕಸಿ ಮಾಡಿಸಿಕೊಂಡವರ ಪಾಲಿಗೆ ಅದು ಸಂಜೀವಿನಿಯಾಯಿತು.

ಅದು ಕಣ್ಣಿಗೆ ಬಂದುದು ನಾಯಿಗಳ ಮೂಲಕ. ನಾಯಿಗಳಿಗೂ ಕಣ್ಣು ಒಣಗುವ ರೋಗ ಬರುತ್ತದೆ. ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾನಿಲಯದ ಪಶುನೇತ್ರವೈದ್ಯೆ ರೆನೀ ಕ್ಯಾಸ್ವಾನ್ ಅವರು ೧೯೮೦ರ ದಶಕದಲ್ಲಿ ಇದು ರಕ್ಷಕ ಕೋಶಗಳ ಹಾವಳಿಯಿರಬೇಕೆಂದು ಊಹಿಸಿ, ರೋಗಪೀಡಿತ ನಾಯಿಗಳ ಕಣ್ಣಿಗೆ ಸೈಕ್ಲೋಸ್ಪೊರಿನ್ ಹನಿಗಳನ್ನು ಹಾಕಿ ನೋಡಿದರು. ಬತ್ತಿದ ಕಣ್ಣುಗಳಲ್ಲಿ ನೀರು ಮತ್ತೆ ಜಿನುಗಿತು. ಮನುಷ್ಯರ ಶುಷ್ಕನೇತ್ರಕ್ಕೆ ನೂರರಲ್ಲಿ ೦.೦೫ ಭಾಗದ ಸೈಕ್ಲೋಸ್ಪೊರಿನ್ ಹನಿಗೆ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ೨೦೦೨ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಟಿ-ಕೋಶಗಳು ಕಣ್ಣಿನ ಕೋಶಗಳಿಗೆ ಅಂಟಿಕೊಳ್ಳುವ ಕೊಂಡಿಯನ್ನೇ ತಪ್ಪಿಸುವ ಲಿಫಿಟೆಗ್ರಾಸ್ಟ್ ಎಂಬ ಔಷಧ ೨೦೧೬ರಲ್ಲಿ ಬಂದಿತು.

ಈ ಔಷಧಗಳು ಒಂದು ರಾತ್ರಿಯಲ್ಲಿ ಗುಣ ತೋರಿಸುವಂಥವಲ್ಲ. ಸೈಕ್ಲೋಸ್ಪೊರಿನ್ ಹನಿಯ ಫಲ ಕಾಣಲು ತಿಂಗಳುಗಳು ಬೇಕು. ಮೊದಲಲ್ಲಿ ಕಣ್ಣು ಉರಿಯುವುದೂ ಉಂಟು. ಆದುದರಿಂದ ತಾಳ್ಮೆಗೆಟ್ಟು ನಡುವೆಯೇ ಬಿಡುವವರು ಅನೇಕರು. ಅದಕ್ಕೆ ಪ್ರತಿಯಾಗಿ ಸ್ಟೀರಾಯ್ಡ್ ಹನಿಗಳು ಬೆಂಕಿಯನ್ನು ಬೇಗನೆ ತಣಿಸುತ್ತವೆ. ವೈದ್ಯರು ಅಗತ್ಯವಿದ್ದಾಗ ಸ್ವಲ್ಪ ಕಾಲ ಅದನ್ನು ಕೊಡುವುದೂ ಸರಿಯೇ. ಅಪಾಯವಿರುವುದು ಆ ಹಳೆಯ ಚೀಟಿಯನ್ನೇ ಹಿಡಿದು ಔಷಧದ ಅಂಗಡಿಯಿಂದ ಮತ್ತೆ ಮತ್ತೆ ತಂದು ಹಾಕಿಕೊಳ್ಳುವುದರಲ್ಲಿ. ಸ್ಟೀರಾಯ್ಡ್ ದೀರ್ಘಕಾಲ ಬಿದ್ದ ಕಣ್ಣಿನಲ್ಲಿ ಒಳಗಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಪೊರೆ ಬೆಳೆಯಬಹುದು. ಗ್ಲಾಕೋಮಾದಿಂದ ಹೋದ ದೃಷ್ಟಿ ಮರಳಿ ಬರುವುದಿಲ್ಲ. ಉರಿಯನ್ನು ಆರಿಸಹೋಗಿ ದೀಪವನ್ನೇ ಆರಿಸಿಕೊಂಡಂತೆ ಆಗಬಾರದು.

ಕಣ್ಣು ತೊಳೆದ ನೀರಿನಲ್ಲಿ

ಇಲಿಗಳಲ್ಲಿ ಕಂಡದ್ದು ಮನುಷ್ಯರಲ್ಲಿಯೂ ನಿಜವೆ? ಮನುಷ್ಯನ ಕೊರಳಿನ ಗ್ರಂಥಿಯನ್ನು ಕತ್ತರಿಸಿ ನೋಡುವಂತಿಲ್ಲ. ಆದರೆ ಕಣ್ಣಿನ ಮೇಲ್ಮೈಯನ್ನು ಮೃದುವಾಗಿ ತೊಳೆದು ಆ ನೀರನ್ನು ಹಿಡಿದುಕೊಳ್ಳಬಹುದು. ಅದರಲ್ಲಿ ಉದುರಿಬರುವ ಕೋಶಗಳನ್ನು ಬಣ್ಣದ ಗುರುತುಗಳಿಂದ ವಿಂಗಡಿಸಿ ಒಂದೊಂದಾಗಿ ಎಣಿಸುವ ಯಂತ್ರಗಳು ಇಂದು ಇವೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ಸಂಶೋಧಕರು ಈ ಮಾರ್ಗವನ್ನು ಹಿಡಿದರು. ಶುಷ್ಕನೇತ್ರದ ರೋಗಿಗಳ ಕಣ್ಣಿನಲ್ಲಿ ರಕ್ಷಕ ಕೋಶಗಳ ಪ್ರಮಾಣ ಆರೋಗ್ಯವಂತರಲ್ಲಿ ಇರುವಂತೆ ಇರುವುದಿಲ್ಲ, ಅದು ಬದಲಾಗಿರುತ್ತದೆ ಎಂಬುದನ್ನು ಅವರು ೨೦೨೧ರಲ್ಲಿ ಪ್ರಕಟಿಸಿದರು. ಸ್ಟಾಕ್‌ಹೋಮಿನಲ್ಲಿ ಶೋಗ್ರೆನ್ ಗ್ರಂಥಿಯ ತುಣುಕಿನಲ್ಲಿ ಕಂಡ ಬಿಳಿಯ ಕೋಶಗಳ ಬಂಧುಬಳಗವನ್ನು, ಕತ್ತಿಯ ಮೊನೆ ತಾಕಿಸದೆ, ಬೆಂಗಳೂರಿನಲ್ಲಿ ತೊಳೆದ ನೀರಿನಲ್ಲಿ ಎಣಿಸಿದಂತಾಯಿತು.

ಈ ಎಣಿಕೆಯಿಂದ ಪ್ರಯೋಜನವೇನೆಂದರೆ, ಎಲ್ಲರ ಕಣ್ಣಿನ ಬೆಂಕಿಯೂ ಒಂದೇ ಬಗೆಯದಲ್ಲ. ಒಬ್ಬರಲ್ಲಿ ಎಣ್ಣೆಗ್ರಂಥಿಯ ದೋಷವೇ ಪ್ರಧಾನವಾಗಿದ್ದು ಉರಿಯೂತ ಅಲ್ಪವಾಗಿರಬಹುದು. ಇನ್ನೊಬ್ಬರಲ್ಲಿ ಟಿ-ಕೋಶಗಳ ಆರ್ಭಟವೇ ಹೆಚ್ಚಾಗಿರಬಹುದು. ಯಾವ ಕೋಶ ಕೆರಳಿದೆಯೆಂದು ತಿಳಿದು ಅದಕ್ಕೆ ತಕ್ಕ ಔಷಧವನ್ನು ಕೊಡುವ ಕಾಲದ ಕಡೆಗೆ ವೈದ್ಯಶಾಸ್ತ್ರ ಹೆಜ್ಜೆಯಿಡುತ್ತಿದೆ.

ಅಲ್ಲಿಯವರೆಗೆ ಮನೆಯಲ್ಲಿಯೇ ಮಾಡಬಹುದಾದ ಕೆಲವು ಕೆಲಸಗಳಿವೆ. ಅವೆಲ್ಲವೂ ಆ ಮೊದಲ ಕಿಡಿಯನ್ನು ತಡೆಯುವಂಥವು. ಓದುವಾಗ, ಪರದೆ ನೋಡುವಾಗ ಆಗಾಗ ಕಣ್ಣೆತ್ತಿ ದೂರ ನೋಡಿ, ರೆಪ್ಪೆಯನ್ನು ಪೂರ್ತಿಯಾಗಿ ಮುಚ್ಚಿ ತೆರೆಯಬೇಕು. ಪಂಖದ ಗಾಳಿ, ಹವಾನಿಯಂತ್ರಕದ ಗಾಳಿ ನೇರವಾಗಿ ಮುಖಕ್ಕೆ ಬೀಸದಂತೆ ನೋಡಿಕೊಳ್ಳಬೇಕು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಶುಭ್ರವಾದ ಬಟ್ಟೆಯನ್ನು, ಸುಡದಷ್ಟು ಬೆಚ್ಚಗೆ, ಮುಚ್ಚಿದ ರೆಪ್ಪೆಯ ಮೇಲೆ ಕೆಲವು ನಿಮಿಷ ಇಟ್ಟರೆ ಕಟ್ಟಿದ ಎಣ್ಣೆ ಸಡಿಲವಾಗುತ್ತದೆ. ಕೃತಕ ಕಣ್ಣೀರಿನ ಹನಿಗಳು ಉಪ್ಪನ್ನು ತಿಳಿಗೊಳಿಸುತ್ತವೆ. ಇವುಗಳಿಂದ ಕೆಲವು ವಾರಗಳಲ್ಲಿ ಗುಣ ಕಾಣದಿದ್ದರೆ, ಅಥವಾ ಬಾಯಿಯೂ ಒಣಗಿ ಕೀಲುಗಳೂ ನೋಯುತ್ತಿದ್ದರೆ, ವೈದ್ಯರಲ್ಲಿಗೆ ಹೋಗಲು ತಡಮಾಡಬಾರದು. ಮಕ್ಕಳ ಕಣ್ಣು ಒಣಗಿ ಇರುಳಿನಲ್ಲಿ ಕಾಣದಾದರೆ ಅದು ಎ ಜೀವಸತ್ವದ ಕೊರತೆಯಿರಬಹುದು. ಅದು ಬೇರೆಯೇ ರೋಗ, ಅದಕ್ಕೆ ಒಂದು ದಿನವೂ ಕಾಯುವಂತಿಲ್ಲ.

ಯೋನ್‌ಶೋಪಿಂಗ್ ಊರಿನ ವೈದ್ಯನ ಕಡೆಯ ಕಥೆಯೇನಾಯಿತು? ಅವನ ಪ್ರಬಂಧ ಹತ್ತು ವರ್ಷ ಹೆಚ್ಚಿನವರ ಕಣ್ಣಿಗೆ ಬೀಳದೆ ಉಳಿಯಿತು. ೧೯೪೩ರಲ್ಲಿ, ಮಹಾಯುದ್ಧದ ನಡುವೆ, ಬ್ರೂಸ್ ಹ್ಯಾಮಿಲ್ಟನ್ ಎಂಬ ಆಸ್ಟ್ರೇಲಿಯದ ನೇತ್ರವೈದ್ಯನು ಅದನ್ನು ಇಂಗ್ಲಿಷಿಗೆ ಅನುವಾದಿಸಿದನು. ಆಮೇಲೆ ದೇಶದೇಶಗಳ ವೈದ್ಯರು ತಮ್ಮಲ್ಲಿಯೂ ಅಂತಹ ರೋಗಿಗಳಿದ್ದಾರೆಂದು ಗುರುತಿಸಿದರು. ರೋಗಕ್ಕೆ ಶೋಗ್ರೆನ್‌ನ ಹೆಸರೇ ನಿಂತಿತು. ಅವನದೇ ಸರಕಾರ ೧೯೬೧ರಲ್ಲಿ ಅವನಿಗೆ ಪ್ರಾಧ್ಯಾಪಕನೆಂಬ ಗೌರವ ಪದವಿಯನ್ನು ನೀಡಿತು. ೧೯೮೬ರಲ್ಲಿ ಅವನು ತೀರಿಕೊಂಡಾಗ, ಟೆಕ್ಸಾಸಿನ ಇಲಿಗಳು ಸಾಕ್ಷ್ಯ ನುಡಿಯಲು ಇನ್ನೂ ೨೦ ವರ್ಷಗಳಿದ್ದುವು.

ಮೂರು ನೋವುಗಳನ್ನು ಹೊತ್ತು ಬಂದ ಆ ಮಹಿಳೆಯ ಮಾತನ್ನು ಅವನು ನಂಬಿದ್ದನು. ಎಲ್ಲವೂ ಅಲ್ಲಿಂದ ಮೊದಲಾಯಿತು. ಮನೆಯಲ್ಲಿ ಯಾರಾದರೂ ಸಂಜೆಯ ಹೊತ್ತು ಕಣ್ಣೊತ್ತಿಕೊಂಡು, ಒಳಗೆ ಏನೋ ಉರಿಯುತ್ತಿದೆ ಎಂದರೆ, ಅದು ನಿಜವಿದ್ದೀತು.